ಬರಿದಾದ ಕುರ್ಚಿಯ ಬೆಲೆ

ನೌಕರಿಯ ಕಡಿತವೆಂದೊಡನೆ ನಮ್ಮ ಕಣ್ಣ ಮುಂದೆ ಒಂದು ನೋಟೀಸು, ಕಂಗೆಟ್ಟ ಒಬ್ಬ ಗುಮಾಸ್ತ, ಕಚೇರಿಯ ಮುಂದಣ ಒಂದು ಮೆರವಣಿಗೆ ಬಂದು ನಿಲ್ಲುತ್ತವೆ. ಆದರೆ ನಮ್ಮ ರಾಜ್ಯದಲ್ಲಿ ಸರ್ಕಾರಿ ಹುದ್ದೆಗಳು ಕಡಿಮೆಯಾಗುವ ಪರಿಯೇ ಬೇರೆ. ಅರುವತ್ತು ತುಂಬಿದ ನೌಕರರಿಗೆ ಹಾರ ಹಾಕಿ, ಶಾಲು ಹೊದಿಸಿ, ಫಲತಾಂಬೂಲವಿತ್ತು ಬೀಳ್ಕೊಡುತ್ತಾರೆ. ಮಾರನೆಯ ದಿನ ಅವರ ಕುರ್ಚಿಗೆ ಇನ್ನೊಬ್ಬರು ಬರುವುದಿಲ್ಲ, ಅಷ್ಟೆ. 2024ರ ಸುಮಾರಿಗೆ ರಾಜ್ಯದಲ್ಲಿ ಮಂಜೂರಾಗಿದ್ದ ಏಳೂವರೆ ಲಕ್ಷಕ್ಕೂ ಮೇಲ್ಪಟ್ಟ ಹುದ್ದೆಗಳಲ್ಲಿ ಮೂರರಲ್ಲೊಂದರಷ್ಟು ಹೀಗೆ ಬರಿದಾಗಿದ್ದವು.

ಕೆಲಸ ಕಳೆದುಕೊಂಡವರಾರೆಂದು ಕೇಳಿದರೆ ಯಾರನ್ನೂ ತೋರಿಸುವಂತಿಲ್ಲ. ಆದರೂ ನಷ್ಟವಂತೂ ಆಗಿದೆ. ಅದನ್ನು ಕಾಣಲು ಹಾವೇರಿ ಜಿಲ್ಲೆಯಂಥ ಸೀಮೆ ತಕ್ಕ ಸ್ಥಳ.

ಎರಡು ಬಗೆಯ ಹಣ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹೆಸರನ್ನು ಕೇಳದವರಾರು? ರಾಣೆಬೆನ್ನೂರಿನ ಬಿತ್ತನೆಬೀಜದ ವ್ಯಾಪಾರ, ಹಾವೇರಿಯ ಏಲಕ್ಕಿ ಹಾರ, ಇವೂ ನಾಡಿನಲ್ಲಿ ಹೆಸರಾದುವೇ. ಆದರೆ ಬೆಳೆಯ ಹಣ ಸುಗ್ಗಿಯ ಹಣ. ಅದು ಮಳೆಯನ್ನೂ ಧಾರಣೆಯನ್ನೂ ನಂಬಿಕೊಂಡದ್ದು. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಧಾರಣೆ ಕುಸಿದಾಗ ರೊಚ್ಚಿಗೆದ್ದವರು ಮಾರುಕಟ್ಟೆಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟುದನ್ನು ವಾಚಕರು ಮರೆತಿರಲಾರರು.

ಸಂಬಳದ ಹಣದ ರೀತಿ ಅದಲ್ಲ. ಮಳೆ ಬರಲಿ, ಬಾರದಿರಲಿ, ತಿಂಗಳು ತಿಂಗಳಿಗೂ ಅದು ಬಂದೇ ಬರುತ್ತದೆ. ಕಿರಾಣಿ ಅಂಗಡಿಯವನು ಅದನ್ನು ನಂಬಿ ಉದ್ರಿ ಕೊಡುತ್ತಾನೆ. ಖಾನಾವಳಿಯವರು ಅದನ್ನು ನಂಬಿ ಒಲೆ ಹೊತ್ತಿಸುತ್ತಾರೆ. ಮನೆ ಕಟ್ಟಿಸಿದವರು ಅದನ್ನು ನಂಬಿ ಬಾಡಿಗೆಗೆಂದು ಮಾಳಿಗೆ ಏರಿಸುತ್ತಾರೆ. 1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾದಾಗ ಊರಿಗೆ ಬಂದುವು ಬರಿಯ ಕಚೇರಿಗಳಲ್ಲ. ಅವುಗಳೊಡನೆ ಇಂಥ ನಂಬುಗೆಯೂ ಬಂದಿತು. 2025ರಲ್ಲಿ ಸಂಪುಟದ ಉಪಸಮಿತಿಯೊಂದು ಮುಚ್ಚಬಹುದೆಂದ ಒಂಬತ್ತು ವಿಶ್ವವಿದ್ಯಾಲಯಗಳಲ್ಲಿ ಹಾವೇರಿಯದೂ ಸೇರಿತ್ತು. ಆಗ ಊರಿನವರು ಕಳವಳಗೊಂಡುದು ವಿದ್ಯೆಯ ಸಲುವಾಗಿ ಮಾತ್ರವೆಂದು ಹೇಳಲಾಗದು.

ಒಂದು ಸಣ್ಣ ಲೆಕ್ಕ

2006ರ ಏಪ್ರಿಲ್‌ಗೆ ಮೊದಲೇ ಸೇವೆಗೆ ಸೇರಿದ ಒಬ್ಬ ಸಹಾಯಕರು 60,000 ರೂಪಾಯಿ ಮೂಲವೇತನದಲ್ಲಿ ನಿವೃತ್ತರಾದರೆಂದು ಇಟ್ಟುಕೊಳ್ಳೋಣ. ಪೂರ್ಣ ಸೇವೆ ಸಲ್ಲಿಸಿದ್ದರೆ ಅದರ ಅರ್ಧ, ಎಂದರೆ 30,000, ಪಿಂಚಣಿಯಾಗಿ ಬರುತ್ತದೆ. ಅವರ ಜಾಗಕ್ಕೆ ಹೊಸಬರು ಬಂದು, 2024ರ ಆಗಸ್ಟ್‌ನಿಂದ ನಿಗದಿಯಾದ ಕನಿಷ್ಠ ಮೂಲವೇತನ 27,000ವನ್ನೇ ಪಡೆದರೂ ಊರಿಗೆ 57,000 ಬರುತ್ತದೆ. ಯಾರೂ ಬಾರದಿದ್ದರೆ 30,000 ಮಾತ್ರ. ಪಿಂಚಣಿದಾರರ ಕಾಲ ಮುಗಿದ ಮೇಲೆ ಅದೂ ಇಳಿಯುತ್ತದೆ. ಒಂದು ಕುರ್ಚಿಯದು ಇಷ್ಟಾದರೆ ತಾಲ್ಲೂಕಿನ ಹತ್ತಾರು ಕಚೇರಿ, ಶಾಲೆ, ಆಸ್ಪತ್ರೆಗಳದು ಎಷ್ಟಾದೀತು?

ಹುದ್ದೆ ಹೋದರೂ ಕೆಲಸ ಹೋಗುವುದಿಲ್ಲವಷ್ಟೆ. ಅದನ್ನು ಹೊರಗುತ್ತಿಗೆಯವರು ಮಾಡುತ್ತಾರೆ. ಅದೇ ಮೇಜು, ಅದೇ ಕಡತ. ಸಂಬಳ ಮಾತ್ರ ಕಡಿಮೆ, ಅದೂ ಗುತ್ತಿಗೆದಾರನ ಕೈಯಿಂದ ಬರಬೇಕು. ನಾಳೆಯ ಭರವಸೆಯಿಲ್ಲದವನಿಗೆ ಬ್ಯಾಂಕು ಮನೆಸಾಲ ಕೊಡಲು ಹಿಂದೆಗೆಯುತ್ತದೆ. ಹೆಣ್ಣು ಕೊಡುವವರೂ ಅಷ್ಟೆ.

ಮನೆಯೊಳಗಿನ ಕಡಿತ

ಈ ಕಡಿತದ ನಿಜವಾದ ಭಾರ ಬೀಳುವುದು ಕಾಯುವವರ ಮನೆಯ ಮೇಲೆ. ಪದವಿ ಮುಗಿಸಿದ ಮಗ ಧಾರವಾಡದಲ್ಲಿ ಕೊಠಡಿ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುತ್ತಾನೆ. ಕೊಠಡಿಯ ಬಾಡಿಗೆ, ಊಟದ ಖರ್ಚು, ತರಬೇತಿಯ ಶುಲ್ಕ ಎಲ್ಲವೂ ತಂದೆಯ ಪಿಂಚಣಿಯಿಂದಲೋ ತಾಯಿಯ ಬಂಗಾರದಿಂದಲೋ ಹೊರಡಬೇಕು. ಅರ್ಜಿ ಕರೆಯುವುದು ತಡವಾದಂತೆಲ್ಲ ವಯೋಮಿತಿ ಸಮೀಪಿಸುತ್ತದೆ. ತಂಗಿಯ ಮದುವೆ ಮುಂದಕ್ಕೆ ಹೋಗುತ್ತದೆ. 2025ರಲ್ಲಿ ಧಾರವಾಡದ ಬೀದಿಗಳಲ್ಲಿ ನೇಮಕಾತಿಗಾಗಿ ಕೂಗಿದ ತರುಣರ ಹಿಂದೆ ಇಂಥ ಎಷ್ಟು ಮನೆಗಳಿದ್ದುವೋ!

ಬೇರೆಡೆ ಕಂಡುದನ್ನೂ ನೆನೆಯಬೇಕು. ಭದ್ರಾವತಿಯನ್ನು ಬೆಳೆಸಿದುವು 1923ರಲ್ಲಿ ಕೆಲಸ ತೊಡಗಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ. ಇವೆರಡೂ ಸರ್ಕಾರದ ಆಸರೆಯವು. ಕಾಗದದ ಯಂತ್ರಗಳು 2015ರ ಸುಮಾರಿಗೆ ನಿಂತುವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಅಲ್ಲಿ ಪೆಟ್ಟು ಕಣ್ಣಿಗೆ ಕಂಡಿತು, ಊರು ಎಚ್ಚೆತ್ತಿತು. ನಮ್ಮಲ್ಲಿ ಒಂದೊಂದೇ ಕುರ್ಚಿ ಬರಿದಾಗುವುದರಿಂದ ಎಚ್ಚರವೂ ಆಗುವುದಿಲ್ಲ.

ಸರ್ಕಾರದ ಮಾತಿನಲ್ಲಿಯೂ ನ್ಯಾಯವಿಲ್ಲದಿಲ್ಲ. ಸಂಬಳ ಪಿಂಚಣಿಗಳೇ ಆಯವ್ಯಯದ ದೊಡ್ಡ ಪಾಲನ್ನು ನುಂಗಿದರೆ ಕೆರೆ, ರಸ್ತೆಗಳಿಗೆ ಉಳಿಯುವುದೇನು? ಬೆರಳಚ್ಚುಗಾರರ ಹುದ್ದೆಯನ್ನು ಕಂಪ್ಯೂಟರಿನ ಕಾಲದಲ್ಲಿ ಉಳಿಸಿಕೊಳ್ಳೆಂದು ಯಾರೂ ಹಟ ಹಿಡಿಯಲಾರರು. ಬೇಡವಾದ ಹುದ್ದೆಯನ್ನು ಬೇಡವೆಂದೇ ಸಾರಿ ರದ್ದುಮಾಡಲಿ. ಆಗ ತರುಣರು ಬೇರೆ ದಾರಿ ಹಿಡಿದಾರು, ತಂದೆತಾಯಿಗಳು ಸಾಲ ಮಾಡುವ ಮುನ್ನ ಯೋಚಿಸಿಯಾರು. ಬೇಕಾದ ಹುದ್ದೆಗೆ ಕಾಲಕ್ಕೆ ಸರಿಯಾಗಿ ಜನರನ್ನು ತುಂಬಲಿ. ಇದೂ ಅಲ್ಲದೆ ಅದೂ ಅಲ್ಲದೆ ವರ್ಷಗಟ್ಟಲೆ ಕಾಯಿಸಿದರೆ ಬೊಕ್ಕಸಕ್ಕೆ ಉಳಿದ ಹಣವನ್ನು ಈ ಮನೆಗಳೇ ತೆತ್ತಂತಾಗುತ್ತದೆ.