ಗ್ರೀನ್ ಕಾರ್ಡ್ ಇದ್ದರೂ ಪ್ಯಾರಿಸ್‌ಗೆ ವೀಸಾ ಬೇಕೆ?

ಬೇಕು. ಗ್ರೀನ್ ಕಾರ್ಡ್ ಸಿಕ್ಕ ಮೇಲೆ ವೀಸಾ ತಾಪತ್ರಯವೆಲ್ಲ ಮುಗಿಯಿತೆಂದು ಅಮೆರಿಕದಲ್ಲಿ ನೆಲೆಸಿದ ನಮ್ಮವರು ಅನೇಕರು ತಿಳಿದಿರುತ್ತಾರೆ. ಆದರೆ ಆ ಕಾರ್ಡು ಕೊಡುವುದು ಅಮೆರಿಕದಲ್ಲಿ ಕಾಯಂ ವಾಸದ ಹಕ್ಕನ್ನು ಮಾತ್ರ. ಪೌರತ್ವ ಭಾರತದ್ದೇ, ಕೈಯಲ್ಲಿರುವ ಪಾಸ್‌ಪೋರ್ಟೂ ಭಾರತದ್ದೇ. ಬೇರೆ ದೇಶಗಳು ಮೊದಲು ನೋಡುವುದು ಅದನ್ನು.

ಕೆಲವು ದೇಶಗಳು ಮಾತ್ರ ತಾವಾಗಿಯೇ ರಿಯಾಯಿತಿ ಕೊಟ್ಟಿವೆ. ಕೆನಡಾಕ್ಕೆ ವೀಸಾ ಬೇಡ, 2022ರ ಏಪ್ರಿಲ್‌ನಿಂದ ಇಟಿಎ ಎಂಬ ಆನ್‌ಲೈನ್ ಪ್ರಯಾಣಾನುಮತಿ ಕೂಡ ಬೇಡ. ನಯಾಗರಾ ನೋಡಲು ಕಾರಿನಲ್ಲಿ ಗಡಿ ದಾಟಿದರೂ ಪಾಸ್‌ಪೋರ್ಟ್ ಮತ್ತು ಗ್ರೀನ್ ಕಾರ್ಡ್ ಎರಡೂ ಜೊತೆಗಿರಲೇಬೇಕು. ಮೆಕ್ಸಿಕೋ ಕೂಡ ಪ್ರವಾಸಕ್ಕೆ ವೀಸಾ ಕೇಳುವುದಿಲ್ಲ.

ಒಂದೇ ವೀಸಾದಲ್ಲಿ ಸುತ್ತಬಹುದಾದ, ಫ್ರಾನ್ಸ್ ಸೇರಿದಂತೆ ಯುರೋಪಿನ ಷೆಂಗನ್ ದೇಶಗಳಲ್ಲಿ ಈ ಸೌಲಭ್ಯವಿಲ್ಲ. ಅನುಕೂಲವೆಂದರೆ, ವಾಸ ಅಮೆರಿಕದಲ್ಲಿರುವುದರಿಂದ ಅರ್ಜಿಯನ್ನು ಅಲ್ಲಿಯೇ ಹಾಕಬಹುದು. ಹೆಚ್ಚು ದಿನ ಇರುವ ದೇಶಕ್ಕೆ ಅರ್ಜಿ. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಲು ಅವಕಾಶವಿದೆ, ಕಡೇ ಗಡುವು 15 ದಿನ. ಬೇಸಿಗೆ ರಜೆಯ ಹೊತ್ತಿಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಹಾಗಾಗಿ ಗಡುವಿನವರೆಗೆ ಕಾಯಲೇಬೇಡಿ. ಯುರೋಪಿನಿಂದ ಹೊರಡುವ ದಿನದಿಂದಾಚೆಗೆ ಪಾಸ್‌ಪೋರ್ಟಿಗೆ ಕನಿಷ್ಠ ಮೂರು ತಿಂಗಳ ಅವಧಿ ಉಳಿದಿರಬೇಕು. ವಯಸ್ಕರಿಗೆ ಶುಲ್ಕ 90 ಯೂರೋ.

ಬ್ರಿಟನ್ ಪ್ರವಾಸಕ್ಕೂ ವೀಸಾ ಬೇಕು. ಆದರೆ ಬೆಂಗಳೂರಿಗೆ ಬರುವಾಗ ಲಂಡನ್ನಿನಲ್ಲಿ ನಿಲ್ದಾಣದಿಂದ ಹೊರಗೆ ಬರದೆ ವಿಮಾನ ಬದಲಿಸುವುದಾದರೆ, ಚಾಲ್ತಿಯಲ್ಲಿರುವ ಗ್ರೀನ್ ಕಾರ್ಡೇ ಸಾಕು, ಟ್ರಾನ್ಸಿಟ್ ವೀಸಾ ಬೇಡ. ಬೇರೆ ಬೇರೆ ಟಿಕೆಟ್ ತೆಗೆದುಕೊಂಡಿದ್ದರೆ, ಸೂಟ್‌ಕೇಸ್ ಬಿಡಿಸಿಕೊಳ್ಳಲು ಹೊರಗೆ ಬರಬೇಕಾಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಹೊರಗೆ ಬರುವುದಾದರೆ ನಿಯಮ ಬೇರೆ.

ಮಕ್ಕಳಿದ್ದರೆ ಲೆಕ್ಕ ಇನ್ನಷ್ಟು ಬದಲಾಗುತ್ತದೆ. ಅಮೆರಿಕದಲ್ಲಿ ಹುಟ್ಟಿದ ಮಗುವಿಗೆ ಅಲ್ಲಿನ ಪಾಸ್‌ಪೋರ್ಟ್. ಪ್ಯಾರಿಸ್‌ಗೆ ಅದಕ್ಕೆ ವೀಸಾ ಬೇಡ, ಅಪ್ಪ ಅಮ್ಮನಿಗೆ ಬೇಕು. ಅಜ್ಜಿ ಮನೆಗೆ ಬರುವಾಗ ಅಪ್ಪ ಅಮ್ಮನಿಗೆ ಏನೂ ಬೇಡ, ಮಗುವಿಗೆ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಅಥವಾ ಭಾರತದ ವೀಸಾ ಬೇಕು. ಆದ್ದರಿಂದ ಟಿಕೆಟ್ ಕೊಳ್ಳುವ ಮುನ್ನ ಮನೆಯ ಪ್ರತಿಯೊಬ್ಬರ ಪಾಸ್‌ಪೋರ್ಟಿಗೂ ಆಯಾ ದೇಶದ ಸರ್ಕಾರಿ ಜಾಲತಾಣದಲ್ಲಿ ಬೇರೆ ಬೇರೆಯಾಗಿ ನಿಯಮ ನೋಡಿ. ಕಾಗದಪತ್ರ ಸರಿಯಿಲ್ಲದಿದ್ದರೆ ಚೆಕ್‌-ಇನ್ ಕೌಂಟರಿನಲ್ಲಿಯೇ ತಡೆಯುತ್ತಾರೆ. ಅಂಥವರನ್ನು ಹತ್ತಿಸಿಕೊಂಡರೆ ವಿಮಾನ ಸಂಸ್ಥೆಯೇ ದಂಡ ತೆರಬೇಕಾಗುತ್ತದೆ.

ಅಪ್ಪ ಅಮ್ಮನ ಆರೈಕೆಗೆಂದು ಊರಿಗೆ ಬಂದು ತಿಂಗಳುಗಟ್ಟಲೆ ನಿಲ್ಲುವವರು ಇದೊಂದನ್ನು ಗಮನಿಸಲೇಬೇಕು. ಆರು ತಿಂಗಳು ದಾಟಿದರೆ ಮರಳುವಾಗ ಅಮೆರಿಕದ ಅಧಿಕಾರಿಗಳು ಪ್ರಶ್ನೆ ಕೇಳಬಹುದು. ಒಂದು ವರ್ಷ ಅಥವಾ ಹೆಚ್ಚಾದರೆ ಬರೀ ಗ್ರೀನ್ ಕಾರ್ಡ್ ತೋರಿಸಿ ಒಳಗೆ ಹೋಗಲಾಗದು, ರೀ-ಎಂಟ್ರಿ ಪರ್ಮಿಟ್ ಬೇಕು. ಅದಕ್ಕೆ ಐ-131 ಅರ್ಜಿಯನ್ನು ಅಮೆರಿಕದಲ್ಲಿ ಇರುವಾಗಲೇ ಸಲ್ಲಿಸಬೇಕು, ಊರಿಗೆ ಬಂದ ಮೇಲೆ ಸಲ್ಲಿಸಲು ಬರುವುದಿಲ್ಲ.