ಆಪರೇಷನ್ ಮುಗಿದ ಮೇಲಿನ ಕೆಲಸ

ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡ ಮಗು ಇರುವ ಮನೆಯಲ್ಲಿ ದಿನದ ಮೊದಲ ಕೆಲಸ ಆರು ಸದ್ದುಗಳ ಪರೀಕ್ಷೆ. ಮಗುವಿನ ಕಿವಿಯ ಹಿಂದೆ ಮಷಿನ್ ಸಿಕ್ಕಿಸಿ, ತಲೆಗೆ ಕಾಯಿಲ್ ಅಂಟಿಸಿ, ತಾಯಿ ಮಗುವಿನ ಪಕ್ಕದಲ್ಲಿ ಕೂರುತ್ತಾಳೆ. ಎದುರಿಗೆ ಕೂತರೆ ಮಗು ತುಟಿ ನೋಡಿ ಊಹಿಸಿಬಿಡುತ್ತದೆ. ಬಾಯಿಗೆ ಕೈ ಅಡ್ಡ ಹಿಡಿದರೆ ಸ್, ಶ್‌ನಂಥ ಸೂಕ್ಷ್ಮ ಸದ್ದುಗಳು ಕೈಯಲ್ಲೇ ಅಡಗಿಹೋಗುತ್ತವೆ. ಅದಕ್ಕೇ ಪಕ್ಕದಲ್ಲಿ ಕೂತು, ಮಾಮೂಲಿ ದನಿಯಲ್ಲಿ ಒಂದೊಂದಾಗಿ ಹೇಳುತ್ತಾಳೆ: ಆ, ಊ, ಈ, ಮ್, ಶ್, ಸ್. ಮಗು ಕೇಳಿದ್ದನ್ನು ತಿರುಗಿ ಹೇಳಬೇಕು. ತೀರಾ ಚಿಕ್ಕ ಮಗುವಾದರೆ, ಕೇಳಿಸಿದಾಗಲೊಮ್ಮೆ ಕೈಯಲ್ಲಿರುವ ಮಣಿಯನ್ನು ಡಬ್ಬಿಗೆ ಹಾಕಿದರೂ ಸಾಕು. ಎರಡು ನಿಮಿಷದ ಕೆಲಸ, ಆದರೆ ಆ ದಿನದ ಮಾತೆಲ್ಲ ಇದರ ಮೇಲೆ ನಿಂತಿದೆ.

ಈ ಸದ್ದುಗಳನ್ನು ಆರಿಸಿದವರು, ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವುದನ್ನೇ ಬದುಕಾಗಿಸಿಕೊಂಡ ಡೇನಿಯಲ್ ಲಿಂಗ್. ಮಾತಿನ ಸದ್ದುಗಳು ಹೆಚ್ಚುಕಡಿಮೆ 250ರಿಂದ 8000 ಹರ್ಟ್ಜ್‌ವರೆಗೆ ಹರಡಿಕೊಂಡಿವೆ. ಆ ಸಾಲಿನ ತಳದಲ್ಲಿ ಮ್ ಇದೆ, ತುದಿಯಲ್ಲಿ ಸ್ ಇದೆ, ಉಳಿದ ನಾಲ್ಕು ನಡುವಿನ ಜಾಗ ತುಂಬುತ್ತವೆ. ನಿನ್ನೆಯವರೆಗೆ ಸ್ ಹೇಳುತ್ತಿದ್ದ ಮಗು ಇವತ್ತು ಸುಮ್ಮನೆ ಕೂತರೆ ಮೈಕ್‌ನಲ್ಲಿ ತೇವ ಸೇರಿರಬಹುದು, ವೈರ್ ಒಳಗೇ ತುಂಡಾಗಿರಬಹುದು. ‘ಈ’ ಎಂದದ್ದಕ್ಕೆ ಮಗು ‘ಊ’ ಎಂದರೆ ತಾಯಿ ಅದನ್ನು ಡೈರಿಯಲ್ಲಿ ಬರೆದಿಡುತ್ತಾಳೆ. ಈ ಮತ್ತು ಊ ಎರಡರ ಕೆಳಭಾಗವೂ ಒಂದೇ ಥರ, ಬೇರೆ ಮಾಡುವುದು ಮೇಲಿನ ಭಾಗ. ಆ ಭಾಗ ಮಗುವಿಗೆ ತಲುಪುತ್ತಿಲ್ಲ ಎಂಬುದು ಶ್ರವಣ ತಜ್ಞರಾದ ಆಡಿಯಾಲಜಿಸ್ಟ್‌ಗೆ ಆ ಒಂದು ಸಾಲಿನಿಂದಲೇ ಗೊತ್ತಾಗುತ್ತದೆ.

ಮಷಿನ್‌ನ ಕೆಲಸ ಸ್ವಲ್ಪ ತಿಳಿದರೆ ಈ ಆರೈಕೆಯ ಅರ್ಥ ತಿಳಿಯುತ್ತದೆ. ಒಳಗಿವಿಯಲ್ಲಿರುವ ಕಾಕ್ಲಿಯಾ ಬಸವನಹುಳುವಿನ ಚಿಪ್ಪಿನ ಹಾಗೆ ಎರಡೂವರೆ ಸುತ್ತು ಸುರುಳಿಯಾಗಿರುವ ಪುಟ್ಟ ನಾಳ. ಅದರೊಳಗಿನ ಕೂದಲಕೋಶಗಳು ಸದ್ದಿನ ಕಂಪನವನ್ನು ನರಕ್ಕೆ ದಾಟಿಸುತ್ತವೆ. ಅವು ಹಾಳಾಗಿದ್ದರೆ ಹಿಯರಿಂಗ್ ಏಡ್ ಸದ್ದನ್ನು ಎಷ್ಟು ದೊಡ್ಡದು ಮಾಡಿದರೂ ಅದನ್ನು ಹಿಡಿಯುವವರಿಲ್ಲ. ಇಂಪ್ಲಾಂಟ್ ಕೂದಲಕೋಶಗಳನ್ನು ಬಿಟ್ಟು ನೇರವಾಗಿ ನರವನ್ನೇ ಮುಟ್ಟುತ್ತದೆ. ಹೊರಗಿನ ಪ್ರೊಸೆಸರ್ ಸದ್ದನ್ನು ವಿದ್ಯುತ್ ಸಂಕೇತವಾಗಿಸಿ ಕಾಯಿಲ್ ಮೂಲಕ ಚರ್ಮದಾಚೆ ಕಳಿಸುತ್ತದೆ. ಒಳಗಿನ ಭಾಗಕ್ಕೆ ಬ್ಯಾಟರಿ ಇಲ್ಲ, ಶಕ್ತಿಯೂ ಸಂಕೇತವೂ ಹೊರಗಿಂದಲೇ ಹೋಗಬೇಕು. ಕಾಕ್ಲಿಯಾದೊಳಗೆ ಇಳಿಸಿದ ತಂತಿಯಲ್ಲಿ, ಕಂಪನಿಗೆ ತಕ್ಕಂತೆ, 12ರಿಂದ 22 ಎಲೆಕ್ಟ್ರೋಡ್‌ಗಳಿರುತ್ತವೆ. ಸಾವಿರಾರು ಕೂದಲಕೋಶಗಳು ಮಾಡಬೇಕಿದ್ದ ಕೆಲಸವನ್ನು ಇಷ್ಟೇ ಎಲೆಕ್ಟ್ರೋಡ್‌ಗಳು ಮಾಡಬೇಕು.

ಆ ತಂತಿಯನ್ನು ಸುರುಳಿಯೊಳಗೆ ಕೂರಿಸುವುದೇ ಒಂದು ಕಾಲಕ್ಕೆ ದೊಡ್ಡ ತೊಡಕಾಗಿತ್ತು. ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್ ಕಿವಿ ಕೇಳದ ತಂದೆಯ ಜೊತೆ ಬೆಳೆದವರು. 1977ರಲ್ಲಿ ರಜೆಗೆಂದು ಕಡಲತೀರಕ್ಕೆ ಹೋಗಿದ್ದಾಗ ಒಂದು ಚಿಪ್ಪಿನೊಳಗೆ ಹುಲ್ಲಿನ ಎಸಳನ್ನು ತೂರಿಸಿ ನೋಡಿದರು. ತುದಿ ಮೆತ್ತಗೆ, ಬುಡ ಗಟ್ಟಿಯಾಗಿದ್ದ ಎಸಳು ಸುರುಳಿಯಲ್ಲಿ ಸಲೀಸಾಗಿ ಹೋಯಿತು. ತಂತಿಯನ್ನೂ ಹಾಗೇ ಮಾಡಿಸಿದರು. ಮರುವರ್ಷ, 1978ರಲ್ಲಿ, ಮೆಲ್ಬರ್ನ್‌ನಲ್ಲಿ ಅವರ ಮೊದಲ ರೋಗಿಗೆ ಇಂಪ್ಲಾಂಟ್ ಆಯಿತು.

ಇಷ್ಟೆಲ್ಲ ಆದರೂ ಆಪರೇಷನ್ ದಿನ ಮಗುವಿಗೆ ಏನೂ ಕೇಳಿಸುವುದಿಲ್ಲ. ಗಾಯ ಮಾಯಲು ಕೆಲವು ವಾರ ಬಿಟ್ಟು ‘ಸ್ವಿಚ್ ಆನ್’ ಮಾಡುತ್ತಾರೆ. ಮೊಬೈಲ್‌ನಲ್ಲಿ ಓಡಾಡುವ ವಿಡಿಯೋಗಳಲ್ಲಿ ಮಗು ಅಮ್ಮನ ದನಿ ಕೇಳಿ ಮುಗುಳ್ನಗುತ್ತದೆ. ನಿಜದಲ್ಲಿ ಎಷ್ಟೋ ಮಕ್ಕಳು ಬೆಚ್ಚಿ ಅಳುತ್ತವೆ, ಕೆಲವು ಸುಮ್ಮನೆ ಆಟ ಮುಂದುವರಿಸುತ್ತವೆ. ಅಲ್ಲಿಂದ ಮ್ಯಾಪಿಂಗ್ ಶುರು. ಒಂದೊಂದು ಎಲೆಕ್ಟ್ರೋಡ್‌ಗೂ ಎಷ್ಟು ವಿದ್ಯುತ್ ಕೊಟ್ಟರೆ ಸದ್ದು ಕೇಳಿಸಲು ತೊಡಗುತ್ತದೆ, ಎಷ್ಟು ಕೊಟ್ಟರೆ ಜೋರಾದರೂ ಹಿತವಾಗಿರುತ್ತದೆ ಎಂದು ಆಡಿಯಾಲಜಿಸ್ಟ್ ಗೊತ್ತುಮಾಡುತ್ತಾರೆ. ಎರಡು ವರ್ಷದ ಮಗು ಬಾಯಿಬಿಟ್ಟು ಹೇಳೀತೇ? ಆಟದ ಕೈ ಒಂದು ಕ್ಷಣ ನಿಲ್ಲುವುದು, ರೆಪ್ಪೆ ಅಲುಗುವುದು, ಅಮ್ಮನ ಕಡೆ ಕತ್ತು ತಿರುಗುವುದು, ಇವನ್ನೇ ಉತ್ತರವಾಗಿ ಓದಬೇಕು. ನರದ ಪ್ರತಿಕ್ರಿಯೆಯನ್ನು ಕಂಪ್ಯೂಟರ್ ಅಳೆದು ಕೊಡುತ್ತದೆ, ನಿಜ. ಮಗುವಿನ ಮುಖ ಓದಬಲ್ಲವರ ಕೈಯಲ್ಲಿದ್ದಾಗ ಮಾತ್ರ ಆ ಅಳತೆ ಉಪಯೋಗಕ್ಕೆ ಬರುತ್ತದೆ. ಮೊದಲ ವರ್ಷ ಇದಕ್ಕಾಗಿ ಮತ್ತೆ ಮತ್ತೆ ಆಸ್ಪತ್ರೆಗೆ ಬರಬೇಕು.

ಇನ್ನು ಕೇಳಲು, ಮಾತಾಡಲು ಕಲಿಸುವ ಥೆರಪಿ. ಇಲ್ಲಿ ಎಲ್ಲರೂ ಹೇಳುವ ಒಂದು ಲೆಕ್ಕವಿದೆ: ಕೇಳುವ ವಯಸ್ಸು. ಎರಡು ವರ್ಷಕ್ಕೆ ಸ್ವಿಚ್ ಆನ್ ಆದ ಮಗುವಿಗೆ ಮೂರು ತುಂಬಿದಾಗ ಅದರ ಕಿವಿಗೆ ಒಂದೇ ವರ್ಷ. ಕಿವಿ ಕೇಳುವ ಕೂಸು ಕೂಡ ಮೊದಲ ಮಾತಾಡುವ ಮುಂಚೆ ಸುಮಾರು ಒಂದು ವರ್ಷ ಬರೀ ಕೇಳುತ್ತದೆ. ಈ ಲೆಕ್ಕ ಮನಸ್ಸಿಗೆ ಇಳಿದರೆ ‘ಪಕ್ಕದ ಮನೆಯವರ ಮಗು ಆಗಲೇ ಮಾತಾಡುತ್ತದೆ’ ಎಂಬ ಸಂಕಟ ಅರ್ಧ ಇಳಿಯುತ್ತದೆ.

ಥೆರಪಿ ಕೋಣೆಯಲ್ಲಿ ಮೊದಲು ಕಲಿಸುವುದು ಸದ್ದು ಇದೆಯೋ ಇಲ್ಲವೋ ಎಂದು ತಿಳಿಯುವುದನ್ನು. ಮಗು ಮಣಿಯನ್ನು ಕೆನ್ನೆಯ ಹತ್ತಿರ ಹಿಡಿದು ಕಾಯುತ್ತದೆ, ಡೋಲು ಬಡಿದ ಕೂಡಲೇ ಡಬ್ಬಿಗೆ ಹಾಕುತ್ತದೆ. ಥೆರಪಿಸ್ಟ್‌ನ ಜಾಣತನವೆಲ್ಲ ಇರುವುದು ಎರಡು ಸದ್ದುಗಳ ನಡುವಿನ ಬಿಡುವಿನಲ್ಲಿ. ಒಮ್ಮೆ ಬೇಗ, ಒಮ್ಮೆ ತಡ. ಒಂದೇ ಲಯದಲ್ಲಿ ಬಡಿದರೆ ಮಗು ಕೇಳದೆಯೇ ಲಯಕ್ಕೆ ಮಣಿ ಹಾಕಲು ಕಲಿಯುತ್ತದೆ. ಇದಾದ ಮೇಲೆ ಎರಡು ಸದ್ದು ಒಂದೇಯೋ ಬೇರೆಯೋ ಎನ್ನುವುದು, ಆಮೇಲೆ ಯಾವುದರ ಸದ್ದೆಂದು ಗುರುತಿಸುವುದು, ಕೊನೆಗೆ ಹೇಳಿದ್ದರ ಅರ್ಥ ಹಿಡಿಯುವುದು. ‘ಅಂಬಾ’ ಎಂದರೆ ಹಸು, ‘ಪೀಂ ಪೀಂ’ ಎಂದರೆ ಬಸ್ಸು ಎಂಬಲ್ಲಿಂದ ‘ಕೆಂಪು ಬಸ್ಸನ್ನು ಹಸುವಿನ ಹಿಂದೆ ನಿಲ್ಲಿಸು’ ಎಂಬಲ್ಲಿಗೆ ಬರುವುದು ಬಹಳ ತಿಂಗಳ ದಾರಿ.

ಈ ಮೆಟ್ಟಿಲುಗಳನ್ನು ಕನ್ನಡಕ್ಕೆ ಹೊಂದಿಸಿಕೊಳ್ಳುವುದರಲ್ಲಿ ನಮ್ಮ ಥೆರಪಿಸ್ಟರ ನಿಜವಾದ ಕಸುಬುಗಾರಿಕೆ ಕಾಣುತ್ತದೆ. ಇಂಪ್ಲಾಂಟ್ ಸದ್ದಿನ ಉದ್ದ, ಬಿಡುವು, ಲಯಗಳನ್ನು ಚೆನ್ನಾಗಿ ದಾಟಿಸುತ್ತದೆ. ಸ್ವರದ ಏರಿಳಿತವನ್ನೂ ಹತ್ತಿರ ಹತ್ತಿರದ ವ್ಯಂಜನಗಳ ಅಂತರವನ್ನೂ ಅಷ್ಟು ಚೆನ್ನಾಗಿ ದಾಟಿಸುವುದಿಲ್ಲ. ಹಾಗಾಗಿ ಮೊದಲು ‘ಬಾ’ ಮತ್ತು ‘ಬಾಳೆಹಣ್ಣು’ ಥರದ ಚಿಕ್ಕ-ದೊಡ್ಡ ಮಾತುಗಳು. ಅದು ಬಂದರೆ ‘ಕತೆ’ ಮತ್ತು ‘ಕತ್ತೆ’. ‘ಬಲೆ’ ಮತ್ತು ‘ಬಳೆ’ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಕೇಳುವುದು ಬಹಳ ಆಮೇಲೆ. ಅದಕ್ಕಿಂತ ಕಷ್ಟ ಪದದ ಕೊನೆಯ ಭಾಗ. ಕನ್ನಡದಲ್ಲಿ ಅರ್ಥವೆಲ್ಲ ಬಾಲದಲ್ಲಿರುತ್ತದೆ. ಅಜ್ಜಿಗೆ, ಅಜ್ಜಿಯಿಂದ, ಅಜ್ಜಿ ಜೊತೆ, ಬಂದ, ಬಂದಳು, ಬಂತು, ತಿನ್ನು, ತಿನ್ನಬೇಡ. ದಿನದ ಮಾತಿನಲ್ಲಿ ನಾವು ಈ ಬಾಲಗಳನ್ನೇ ನುಂಗುತ್ತೇವೆ, ಮಗು ‘ತಿನ್ನು’ ಅಷ್ಟನ್ನೇ ಕೇಳಿ ತಿಂದುಬಿಡುತ್ತದೆ. ಅಂಥಲ್ಲಿ ಥೆರಪಿಸ್ಟ್ ಕೊನೆಯ ಭಾಗವನ್ನು ಸ್ವಲ್ಪ ಎತ್ತಿ, ಸ್ವಲ್ಪ ಎಳೆದು ಹೇಳುತ್ತಾರೆ: ‘ತಿನ್ನ... ಬೇಡ’. ಮಗು ಹಿಡಿದುಕೊಂಡ ಮೇಲೆ ಆ ಒತ್ತನ್ನು ದಿನದಿಂದ ದಿನಕ್ಕೆ ಇಳಿಸಿ ಮಾಮೂಲಿ ಮಾತಿಗೆ ತರುತ್ತಾರೆ. ಒತ್ತಿ ಹೇಳುವುದನ್ನು ಯಾರಾದರೂ ಕಲಿತಾರು, ಯಾವಾಗ ಬಿಡಬೇಕೆಂದು ತಿಳಿಯಲು ಅನುಭವ ಬೇಕು.

ವಾರಕ್ಕೆ ಒಂದೆರಡು ಗಂಟೆಯ ಥೆರಪಿಯಿಂದ ಮಾತು ಬರುವುದಿಲ್ಲ. ಉಳಿದ ಹೊತ್ತೆಲ್ಲ ಮನೆಯಲ್ಲಿ ಕಳೆಯುತ್ತದೆ. ಅದಕ್ಕೇ ಒಳ್ಳೆಯ ಥೆರಪಿಸ್ಟ್ ಮಗುವಿಗಿಂತ ಹೆಚ್ಚಾಗಿ ತಾಯಿಗೆ ಕಲಿಸುತ್ತಾರೆ. 1965ರಲ್ಲಿ ಶುರುವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಪ್ರೀಸ್ಕೂಲ್‌ನಲ್ಲೂ ಮಕ್ಕಳ ಜೊತೆ ಪೋಷಕರು ಕಲಿಯುತ್ತಾರೆ. ಅವರಿಗೆ ಹೇಳಿಕೊಡುವ ಒಂದು ಸೂತ್ರ ಹೀಗಿದೆ: ಮೊದಲು ಹೇಳು, ಆಮೇಲೆ ತೋರಿಸು, ಮತ್ತೆ ಹೇಳು. ಚಪ್ಪಲಿ ಕೈಯಲ್ಲಿ ಹಿಡಿದು ‘ಚಪ್ಪಲಿ’ ಅಂದರೆ ಕಣ್ಣು ಕೆಲಸ ಮುಗಿಸುತ್ತದೆ, ಕಿವಿಗೆ ಏನೂ ಉಳಿಯುವುದಿಲ್ಲ. ‘ಪುಟ್ಟಾ, ಹೊರಗೆ ಹೋಗೋಣ, ಚಪ್ಪಲಿ ತಗೊಂಡು ಬಾ’ ಎಂದು ಸುಮ್ಮನಾಗಬೇಕು. ಹೀಗೆ ಕಾಯುವುದು ಎಲ್ಲಕ್ಕಿಂತ ಕಷ್ಟ. ಮಗು ಮಿಕಮಿಕ ನೋಡುತ್ತಿರುತ್ತದೆ, ಅಜ್ಜಿ ‘ಪಾಪ, ತೋರಿಸಬಾರದೇನೇ’ ಅನ್ನುತ್ತಾರೆ. ತಾಯಿ ಮನಸ್ಸಿನಲ್ಲೇ ಹತ್ತು ಎಣಿಸಿ, ಇನ್ನೊಮ್ಮೆ ಹೇಳಿ, ಆಮೇಲಷ್ಟೇ ಬೆರಳು ಮಾಡಿ ತೋರಿಸುತ್ತಾಳೆ. ತೋರಿಸಿದ ಮೇಲೆ ಮತ್ತೆ ಹೇಳುತ್ತಾಳೆ. ಅವರೆಕಾಳು ಸುಲಿಯುವಾಗ, ಬಟ್ಟೆ ಒಣಗಿಸುವಾಗ, ತಲೆ ಬಾಚುವಾಗ ಇದೇ ನಡೆಯುತ್ತದೆ. ನೋಡುವವರಿಗೆ ವಾಚಾಳಿ ತಾಯಿಯಂತೆ ಕಾಣುವ ಈಕೆ ಒಂದೊಂದು ವಾಕ್ಯವನ್ನೂ ಯೋಚಿಸಿ ಆಡುತ್ತಿರುತ್ತಾಳೆ.

ಗದ್ದಲದಲ್ಲಿ ಮಾತನ್ನು ಬೇರ್ಪಡಿಸಿ ಕೇಳುವುದು ಇಂಪ್ಲಾಂಟ್‌ಗೆ ಕಷ್ಟ. ಮಿಕ್ಸಿ ತಿರುಗುವಾಗ ಮಾತು ಬೇಡ, ಯಾರೂ ನೋಡದ ಟೀವಿ ಆರಿಸಬೇಕು. ದೂರ ಇಮ್ಮಡಿಯಾದಂತೆ ದನಿ ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ, ಅಡುಗೆಮನೆಯಿಂದ ಕೂಗುವ ಬದಲು ಹತ್ತಿರ ಹೋಗುವುದು ವಾಸಿ. ಶಾಲೆಯಲ್ಲೂ ಇಷ್ಟೇ. ಫ್ಯಾನ್, ಬಾಗಿಲುಗಳಿಂದ ದೂರವಾಗಿ ಮುಂದಿನ ಸಾಲಿನಲ್ಲಿ ಜಾಗ ಕೊಡಬೇಕು. ಟೀಚರ್ ಬೋರ್ಡಿನ ಕಡೆ ತಿರುಗಿಕೊಂಡು ಪಾಠ ಹೇಳಬಾರದು. ಹಿಂದಿನ ಬೆಂಚಿನ ಹುಡುಗ ಕೊಟ್ಟ ಉತ್ತರವನ್ನು ಇನ್ನೊಮ್ಮೆ ತಾವೇ ಹೇಳಬೇಕು.

ಮಷಿನ್‌ನ ಆರೈಕೆಗೂ ಅಷ್ಟೇ ನಿಗಾ ಬೇಕು. ಸ್ನಾನ, ನಿದ್ದೆಯ ಹೊತ್ತು ಬಿಟ್ಟು ಎದ್ದಿರುವಷ್ಟೂ ಹೊತ್ತು ಅದು ತಲೆಯ ಮೇಲಿರಬೇಕು. ಎಷ್ಟು ಗಂಟೆ ಹಾಕಿಕೊಂಡಿತ್ತೆಂದು ಈಗಿನ ಪ್ರೊಸೆಸರ್‌ಗಳು ದಾಖಲಿಸಿಕೊಳ್ಳುತ್ತವೆ, ಮ್ಯಾಪಿಂಗ್ ದಿನ ಗುಟ್ಟು ರಟ್ಟಾಗುತ್ತದೆ. ರಾತ್ರಿ ಸಿಲಿಕಾ ಜೆಲ್ ಇರುವ ಡ್ರೈ ಬಾಕ್ಸ್‌ನಲ್ಲಿಡಬೇಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದನ್ನು ಒಂದು ರಾತ್ರಿಯೂ ತಪ್ಪಿಸುವಂತಿಲ್ಲ. ಬಿದ್ದು ಕಳೆಯದಂತೆ ದಾರದ ಕ್ಲಿಪ್ಪನ್ನು ಅಂಗಿಯ ಕಾಲರಿಗೆ ಹಾಕುತ್ತಾರೆ. ಕಾಯಿಲ್‌ನ ಮ್ಯಾಗ್ನೆಟ್ ಬಿಗಿಯಾದರೆ ಚರ್ಮ ಕೆಂಪಾಗುತ್ತದೆ, ಆಗಾಗ ಕೂದಲು ಸರಿಸಿ ನೋಡಬೇಕು. ಮಿದುಳುಪೊರೆಯ ಉರಿಯೂತದ ಅಪಾಯ ಇಂಥ ಮಕ್ಕಳಿಗೆ ತುಸು ಹೆಚ್ಚು, ನ್ಯುಮೋಕಾಕಲ್ ಲಸಿಕೆ ತಪ್ಪಿಸಬಾರದು. ಎಂಆರ್‌ಐ ಮಾಡಿಸಬೇಕಾದರೆ ಮೊದಲು ಇಂಪ್ಲಾಂಟ್ ಕಾರ್ಡ್ ತೋರಿಸಬೇಕು.

ಖರ್ಚು ಲಕ್ಷಗಟ್ಟಲೆ. ಕೇಂದ್ರದ ಅಡಿಪ್ ಯೋಜನೆ, ರಾಜ್ಯದ ಶ್ರವಣ ಸಂಜೀವಿನಿ ಯೋಜನೆಗಳಿಂದ ಬಡವರ ಮಕ್ಕಳಿಗೂ ಇಂಪ್ಲಾಂಟ್ ಸಿಗುತ್ತಿದೆ. ಆದರೆ ಹೊತ್ತು ಮೀರಬಾರದು. ಹುಟ್ಟಿದ ತಿಂಗಳೊಳಗೆ ಕಿವಿಯ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ತಪಾಸಣೆ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ವೈದ್ಯರು ಒಪ್ಪಿರುವ ಗಡುವು. ‘ನಿಧಾನವಾಗಿ ಮಾತು ಬರುತ್ತೆ ಬಿಡಿ’ ಎಂಬ ಹಿರಿಯರ ಸಮಾಧಾನದಲ್ಲಿ ಮಿದುಳು ಮಾತು ಕಲಿಯುವ ಒಳ್ಳೆಯ ವರ್ಷಗಳೇ ಕಳೆದುಹೋಗುತ್ತವೆ.

ಎಲ್ಲ ಮಕ್ಕಳಿಗೂ ಫಲ ಒಂದೇ ಅಲ್ಲ. ತಡವಾಗಿ ಹಾಕಿಸಿದವರು, ಶ್ರವಣ ನರವೇ ಸರಿಯಾಗಿ ಬೆಳೆಯದವರು ಮಾತಿನ ದಾರಿಯಲ್ಲಿ ಸ್ವಲ್ಪವೇ ಮುಂದೆ ಹೋಗಬಹುದು. ಅವರಿಗೆ ಸನ್ನೆಭಾಷೆ ಸೋಲಿನ ಗುರುತಲ್ಲ, ಅದು ಪೂರ್ತಿ ಭಾಷೆ. ಮಾತಾಡುವ ಮಗುವೂ ಮಷಿನ್ ತೆಗೆದ ಮೇಲೆ ಕಿವಿ ಕೇಳದ ಮಗುವೇ.

ನಿಮ್ಮ ಬೀದಿಯಲ್ಲೋ ಮದುವೆ ಮನೆಯಲ್ಲೋ ಇಂಥ ಮಗು ಸಿಕ್ಕರೆ ಜೋರಾಗಿ ಮಾತಾಡಿಸಲು ಹೋಗಬೇಡಿ. ಕೂಗಿದಾಗ ಸ್ವರಗಳು ಉಬ್ಬಿ ವ್ಯಂಜನಗಳು ಮುಚ್ಚಿಹೋಗುತ್ತವೆ. ಓಲಗದವರಿಂದ ಸ್ವಲ್ಪ ಈಚೆ ಕರೆದು, ಹತ್ತಿರ ಕೂತು, ಎಲ್ಲ ಮಕ್ಕಳನ್ನು ಕೇಳುವ ಹಾಗೆ ‘ಊಟ ಆಯ್ತೇನೋ?’ ಎಂದು ಕೇಳಿ. ಉತ್ತರ ತಡವಾದರೆ ಅಮ್ಮನ ಮುಖ ನೋಡಬೇಡಿ. ಆ ಬಿಡುವು ಮಗುವಿನದು, ಅದನ್ನು ಉಳಿಸಿಕೊಡಲೆಂದೇ ಅಮ್ಮ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಾಳೆ. ನೀವೂ ಮನಸ್ಸಿನಲ್ಲಿ ಹತ್ತು ಎಣಿಸಿದರೆ ಅವಳ ಕೆಲಸಕ್ಕೆ ಒಂದು ಕೈ ಕೊಟ್ಟಂತೆ.