ಸಿಪ್ಯಾಪ್: ಯಂತ್ರ ಕೊಂಡರೆ ಸಾಲದು, ಮೊದಲ ತಿಂಗಳನ್ನು ಗೆಲ್ಲಬೇಕು

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬುದು ನಮ್ಮ ಹಳೆಯ ಗಾದೆ. ಆದರೆ ಸಂತೆಯಲ್ಲಿ ತೂಕಡಿಸುವವರೆಲ್ಲ ನಿಶ್ಚಿಂತರೇನಲ್ಲ. ಕಚೇರಿಯ ಸಭೆಯಲ್ಲಿ, ಸಿಗ್ನಲ್‌ನಲ್ಲಿ ನಿಂತ ಕಾರಿನಲ್ಲಿ, ಪತ್ರಿಕೆ ಹಿಡಿದು ಕುಳಿತ ಕುರ್ಚಿಯಲ್ಲಿ ಕಣ್ಣು ತಾನಾಗಿಯೇ ಮುಚ್ಚಿಹೋಗುವ ವ್ಯಕ್ತಿ, ಹಿಂದಿನ ರಾತ್ರಿ ಎಂಟು ಗಂಟೆ ಹಾಸಿಗೆಯಲ್ಲಿದ್ದೂ ನಿಜವಾದ ನಿದ್ರೆಯನ್ನು ಕಾಣದೇ ಇದ್ದಿರಬಹುದು. ಪಕ್ಕದಲ್ಲಿ ಮಲಗಿದವರಿಗೆ ಕೇಳಿಸಿದ ಭಾರೀ ಗೊರಕೆ, ನಡುವೆ ಒಮ್ಮೆಲೇ ಕವಿಯುವ ಮೌನ, ಮತ್ತೆ ಉಸಿರಿಗಾಗಿ ಏದುಸಿರು ಬಿಡುತ್ತಾ ಬೆಚ್ಚುವುದು - ಇವು ಸ್ಲೀಪ್ ಆಪ್ನಿಯಾ, ಅಂದರೆ ನಿದ್ರೆಯಲ್ಲಿ ಉಸಿರು ಕಟ್ಟುವ ರೋಗದ ಪ್ರಮುಖ ಲಕ್ಷಣಗಳು.

ಖ್ಯಾತ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ 2022ರ ಫೆಬ್ರುವರಿಯಲ್ಲಿ ಮುಂಬೈನಲ್ಲಿ ನಿಧನರಾದಾಗ, ಅವರಿಗೆ ಚಿಕಿತ್ಸೆ ನೀಡಿದ್ದ ಆಸ್ಪತ್ರೆ ಈ ರೋಗದ ಹೆಸರನ್ನು ಪ್ರಸ್ತಾಪಿಸಿತ್ತು. ಗೊರಕೆಯನ್ನು ನಗೆಯ ವಸ್ತುವಾಗಿ ಮಾತ್ರ ಕಾಣುತ್ತಿದ್ದ ಅನೇಕರು ಈ ಹೆಸರನ್ನು ಮೊದಲು ಕೇಳಿದ್ದು ಆಗಲೇ. ರೋಗಕ್ಕೆ ನಂಬಿಕಸ್ಥ ಚಿಕಿತ್ಸೆಯೂ ಇದೆ. ಅದರ ಹೆಸರು ಸಿಪ್ಯಾಪ್. ತೊಡಕಿರುವುದು ಬೇರೆಡೆ. ಹತ್ತಾರು ಸಾವಿರ ರೂಪಾಯಿ ತೆತ್ತು ಮನೆಗೆ ತಂದ ಯಂತ್ರ ಎಷ್ಟೋ ಮನೆಗಳಲ್ಲಿ ಕೆಲವೇ ವಾರಗಳಲ್ಲಿ ಅಟ್ಟ ಸೇರುತ್ತದೆ. ಹಾಗಾಗಲು ಕಾರಣ ಬಹುಪಾಲು ಸಣ್ಣಪುಟ್ಟ ಕಿರಿಕಿರಿಗಳು; ಅವುಗಳಲ್ಲಿ ಹೆಚ್ಚಿನವನ್ನು ನಿವಾರಿಸಬಹುದು.

ಉಸಿರು ನಿಲ್ಲುವುದೇಕೆ?

ನಿದ್ರೆಯಲ್ಲಿ ಶರೀರದ ಸ್ನಾಯುಗಳೆಲ್ಲ ಸಡಿಲಗೊಳ್ಳುತ್ತವೆ. ಗಂಟಲಿನ ಸ್ನಾಯುಗಳೂ ಇದಕ್ಕೆ ಹೊರತಲ್ಲ. ಕೆಲವರಲ್ಲಿ ನಾಲಿಗೆಯ ಬುಡ ಮತ್ತು ಮೃದು ಅಂಗುಳ ಹಿಂದಕ್ಕೆ ಕುಸಿದು ಗಾಳಿಯ ದಾರಿಯನ್ನು ಮುಚ್ಚಿಬಿಡುತ್ತವೆ. ಎದೆ ಉಸಿರಿಗಾಗಿ ಹೆಣಗುತ್ತಿದ್ದರೂ ಗಾಳಿ ಒಳಗೆ ಹೋಗದು. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಎಚ್ಚರಿಕೆಯ ಗಂಟೆ ಬಾರಿಸುತ್ತದೆ, ಕ್ಷಣಕಾಲ ಎಚ್ಚರವಾಗಿ ದಾರಿ ತೆರೆಯುತ್ತದೆ. ಬೆಳಿಗ್ಗೆ ಇದಾವುದೂ ನೆನಪಿರುವುದಿಲ್ಲ.

ಕನಿಷ್ಠ 10 ಸೆಕೆಂಡು ಉಸಿರು ನಿಂತರೆ ಅಥವಾ ಗಣನೀಯವಾಗಿ ಕ್ಷೀಣಿಸಿದರೆ ವೈದ್ಯರು ಅದನ್ನು ಒಂದು ಘಟನೆಯಾಗಿ ಎಣಿಸುತ್ತಾರೆ. ಗಂಟೆಗೆ ಇಂತಹ ಎಷ್ಟು ಘಟನೆಗಳು ಎಂಬ ಸಂಖ್ಯೆಗೆ ಎಎಚ್‌ಐ ಎಂದು ಹೆಸರು. ವಯಸ್ಕರಲ್ಲಿ 5ಕ್ಕಿಂತ ಕಡಿಮೆಯಿದ್ದರೆ ಸಹಜ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ಹಾಗೂ ಅದಕ್ಕಿಂತ ಹೆಚ್ಚು ತೀವ್ರ. ಗಂಟೆಗೆ 30 ಎಂದರೆ ಸರಾಸರಿ ಎರಡು ನಿಮಿಷಕ್ಕೊಮ್ಮೆ ನಿದ್ರೆಗೆ ಭಂಗ. ಹಗಲಿನ ತೂಕಡಿಕೆ, ಬೆಳಗಿನ ತಲೆನೋವು, ಮರೆವು, ಸಿಡುಕು, ಹತೋಟಿಗೆ ಬಾರದ ರಕ್ತದೊತ್ತಡ ಇದರ ಫಲ. ವಾಹನ ನಡೆಸುವವರಿಗಂತೂ ಇದು ಜೀವನ್ಮರಣದ ಪ್ರಶ್ನೆ. ಸ್ಥೂಲಕಾಯದವರಲ್ಲಿ ರೋಗ ಹೆಚ್ಚು. ಆದರೆ ದವಡೆ, ಗಂಟಲಿನ ರಚನೆಯಿಂದಾಗಿ ತೆಳ್ಳಗಿನವರಲ್ಲೂ ಕಾಣಿಸಿಕೊಳ್ಳಬಹುದು.

ಸಿಡ್ನಿಯಲ್ಲಿ ಹುಟ್ಟಿದ ಉಪಾಯ

1980ರವರೆಗೆ ತೀವ್ರ ರೋಗಿಗಳಿಗಿದ್ದ ಪರಿಣಾಮಕಾರಿ ಚಿಕಿತ್ಸೆಯೆಂದರೆ ಕುತ್ತಿಗೆಯಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ಕೊಳವೆ ಅಳವಡಿಸುವ ಶಸ್ತ್ರಕ್ರಿಯೆ. ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಆ ವರ್ಷ ಸರಳವಾದೊಂದು ದಾರಿ ಕಂಡುಕೊಂಡರು. ಮೂಗಿನ ಮೂಲಕ ಹದವಾದ ಒತ್ತಡದಲ್ಲಿ ಗಾಳಿಯನ್ನು ಎಡೆಬಿಡದೆ ಹಾಯಿಸಿದರೆ, ಆ ಗಾಳಿಯೇ ಕಂಬದಂತೆ ನಿಂತು ಗಂಟಲು ಕುಸಿಯದಂತೆ ಎತ್ತಿಹಿಡಿಯುತ್ತದೆ. ಐವರು ರೋಗಿಗಳ ಮೇಲೆ ನಡೆಸಿದ ಈ ಪ್ರಯೋಗದ ವರದಿ 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂದಿನ ಯಂತ್ರಗಳು ಟಿಫಿನ್ ಡಬ್ಬಿಯಷ್ಟು ಚಿಕ್ಕವಾಗಿ, ಸದ್ದಿಲ್ಲದಂತಾಗಿದ್ದರೂ ತತ್ವ ಅದೇ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ಕೋವಿಡ್ ದಿನಗಳಲ್ಲಿ ತುರ್ತು ನಿಗಾ ಘಟಕಗಳ ಸುದ್ದಿಯೊಂದಿಗೆ ಸಿಪ್ಯಾಪ್, ಬೈಪ್ಯಾಪ್ ಎಂಬ ಪದಗಳು ಮನೆಮನೆಗೂ ತಲುಪಿದವು. ಹೀಗಾಗಿ ವೈದ್ಯರು ಈ ಹೆಸರು ಹೇಳಿದೊಡನೆ ಕುಟುಂಬದವರು ಗಾಬರಿಯಾಗುತ್ತಾರೆ. ಮನೆಯ ಸಿಪ್ಯಾಪ್ ಆಮ್ಲಜನಕ ನೀಡುವ ಯಂತ್ರವಲ್ಲ. ಕೋಣೆಯ ಗಾಳಿಯನ್ನೇ ಸೋಸಿ ಒತ್ತಡದಲ್ಲಿ ಕಳುಹಿಸುತ್ತದೆ. ಇದರಿಂದ ಚಟವೂ ಹತ್ತದು. ಕನ್ನಡಕವಿದ್ದಂತೆ: ಧರಿಸಿದಾಗ ಪ್ರಯೋಜನ, ತೆಗೆದಿಟ್ಟರೆ ಹಳೆಯ ಸ್ಥಿತಿ.

ಕೊಳ್ಳುವ ಮುನ್ನ

ಮೊದಲು ಪರೀಕ್ಷೆ, ಆಮೇಲೆ ಯಂತ್ರ. ಪ್ರಯೋಗಾಲಯದಲ್ಲಿ ಒಂದು ರಾತ್ರಿ ಮಲಗಿಸಿ ಮೆದುಳಿನ ಅಲೆ, ಉಸಿರು, ಹೃದಯಬಡಿತ, ಆಮ್ಲಜನಕದ ಮಟ್ಟವನ್ನು ದಾಖಲಿಸುವ ಪಾಲಿಸೋಮ್ನೋಗ್ರಫಿ ಇದಕ್ಕೆ ಪ್ರಮುಖ ಪರೀಕ್ಷೆ. ಆಯ್ದ ರೋಗಿಗಳಿಗೆ ಮನೆಯಲ್ಲೇ ಮಾಡುವ ಸರಳ ಪರೀಕ್ಷೆಯೂ ಸಾಕಾಗುತ್ತದೆ. ಯಂತ್ರದ ಬಗೆ ಮತ್ತು ಗಾಳಿಯ ಒತ್ತಡವನ್ನು ವೈದ್ಯರೇ ನಿರ್ಧರಿಸಬೇಕು. ಒತ್ತಡದ ಅಳತೆ ಸಾಮಾನ್ಯವಾಗಿ ನೀರಿನ 4ರಿಂದ 20 ಸೆಂಟಿಮೀಟರ್. ರಾತ್ರಿಯಿಡೀ ಒಂದೇ ಒತ್ತಡ ನೀಡುವ ಯಂತ್ರಗಳಿವೆ. ಅಗತ್ಯಕ್ಕೆ ತಕ್ಕಂತೆ ತಾನೇ ಏರಿಳಿಸಿಕೊಳ್ಳುವ ಆಟೋ ಯಂತ್ರಗಳೂ ಇವೆ. ಮೆದುಳಿನಿಂದಲೇ ಉಸಿರಿನ ಆಜ್ಞೆ ತಪ್ಪುವ ಬಗೆಯ ಆಪ್ನಿಯಾ, ತೀವ್ರ ಶ್ವಾಸಕೋಶ ರೋಗ ಇತ್ಯಾದಿ ಇರುವವರಿಗೆ ಬೇರೆ ಯಂತ್ರ ಬೇಕಾಗಬಹುದು. ಆದ್ದರಿಂದ ನೆರೆಮನೆಯವರಿಗೆ ಒಗ್ಗಿದ ಯಂತ್ರ ತಮಗೂ ಒಗ್ಗೀತೆಂದು ಕೊಳ್ಳುವುದು ಸಲ್ಲದು.

ಸಾಧ್ಯವಾದರೆ ಮೊದಲು ಕೆಲವು ವಾರ ಬಾಡಿಗೆಗೆ ಪಡೆದು ನೋಡುವುದು ಜಾಣತನ. ಹಳೆಯ ಯಂತ್ರ ಕೊಳ್ಳುವವರು ಎಚ್ಚರದಿಂದಿರಬೇಕು. ಒಳಗಿನ ಶಬ್ದನಿರೋಧಕ ಫೋಮ್ ಪುಡಿಯಾಗಿ ಉಸಿರಿನೊಂದಿಗೆ ಸೇರುವ ಅಪಾಯವಿದೆಯೆಂದು ಫಿಲಿಪ್ಸ್ ಕಂಪನಿ 2021ರ ಜೂನ್‌ನಲ್ಲಿ ಜಗತ್ತಿನಾದ್ಯಂತ ತನ್ನ ಲಕ್ಷಾಂತರ ಯಂತ್ರಗಳನ್ನು ಹಿಂದಕ್ಕೆ ಪಡೆಯಲು ಮುಂದಾಗಿತ್ತು. ಹಳೆಯ ಯಂತ್ರದ ಮಾದರಿ ಸಂಖ್ಯೆಯನ್ನು ಪರಿಶೀಲಿಸದೆ ಹಣ ಕೊಡಬಾರದು. ಆರೋಗ್ಯ ವಿಮೆಯ ಅನೇಕ ಪಾಲಿಸಿಗಳು ಮನೆಬಳಕೆಯ ಇಂತಹ ಸಾಧನಗಳಿಗೆ ಹಣ ನೀಡುವುದಿಲ್ಲ. ಪಾಲಿಸಿಯ ಷರತ್ತುಗಳನ್ನು ಮೊದಲೇ ಓದಿಕೊಳ್ಳುವುದು ಒಳಿತು.

ಯಂತ್ರಕ್ಕಿಂತ ಮಾಸ್ಕ್ ಮುಖ್ಯ ಎಂದರೂ ತಪ್ಪಿಲ್ಲ. ಮೂಗಿನ ಹೊಳ್ಳೆಗಳಿಗೆ ಮಾತ್ರ ತಾಗುವುದು, ಮೂಗನ್ನು ಮುಚ್ಚುವುದು, ಮೂಗು-ಬಾಯಿ ಎರಡನ್ನೂ ಮುಚ್ಚುವುದು ಎಂದು ಮೂರು ಬಗೆ. ದಟ್ಟ ಮೀಸೆಯವರಿಗೆ ಹೊಳ್ಳೆಗೆ ಕೂರುವ ಮಾಸ್ಕ್, ಬಾಯಿಯಿಂದ ಉಸಿರಾಡುವವರಿಗೆ ಪೂರ್ಣ ಮಾಸ್ಕ್ ಹೊಂದಬಹುದು. ಅಂಗಡಿಯಲ್ಲಿ ಕುಳಿತು ನೋಡಿದರೆ ಸಾಲದು. ಮಲಗಿಕೊಂಡು, ಗಾಳಿ ಹಾಯಿಸಿ, ಮಗ್ಗುಲು ಬದಲಿಸಿ ನೋಡಬೇಕು. ಮಲಗಿದಾಗ ಮುಖದ ಆಕಾರವೇ ಬದಲಾಗುತ್ತದೆ.

ರಾತ್ರಿಯ ಚಿಕಿತ್ಸೆಗೆ ಹಗಲಿನ ಅಭ್ಯಾಸ

ಯಂತ್ರ ಬಂದ ರಾತ್ರಿಯೇ ಎಂಟು ಗಂಟೆ ಧರಿಸಿ ಮಲಗುತ್ತೇನೆಂದು ಹೊರಡುವವರೇ ಬೇಗ ಸೋಲುತ್ತಾರೆ. ಮುಖಕ್ಕೆ ಏನೋ ಕಟ್ಟಿದಂತಾಗಿ ಉಸಿರುಗಟ್ಟುವ ಭಾವನೆ ಬರುವುದು ಸಹಜ. ಅದನ್ನು ಹಂತಹಂತವಾಗಿ ಕರಗಿಸಬೇಕು.

ಮೊದಲ ದಿನ ಕೊಳವೆ ಜೋಡಿಸದೆ, ಮಾಸ್ಕನ್ನು ಮಾತ್ರ ಮುಖಕ್ಕೆ ಹಿಡಿದು ಟಿವಿ ನೋಡುತ್ತಲೋ ಓದುತ್ತಲೋ 15-20 ನಿಮಿಷ ಕುಳಿತುಕೊಳ್ಳಿ. ಮರುದಿನ ಪಟ್ಟಿ ಕಟ್ಟಿ, ಯಂತ್ರ ಚಾಲೂ ಮಾಡಿ ಎಚ್ಚರದಲ್ಲೇ ಉಸಿರಾಡಿ. ಬಾಯಿ ಮುಚ್ಚಿ, ಮೂಗಿನಿಂದ ನಿಧಾನವಾಗಿ ಉಸಿರೆಳೆದು ಬಿಡುವುದನ್ನು ರೂಢಿಸಿಕೊಳ್ಳಿ. ಆಮೇಲೆ ಮಧ್ಯಾಹ್ನದ ಸಣ್ಣ ನಿದ್ದೆಗೆ ಬಳಸಿ. ಅದು ಒಗ್ಗಿದ ಮೇಲೆ ರಾತ್ರಿಯ ಸರದಿ. ಕಡಿಮೆ ಒತ್ತಡದಲ್ಲಿ ಆರಂಭವಾಗಿ ನಿಧಾನಕ್ಕೆ ಏರುವ ‘ರ‍್ಯಾಂಪ್’ ಸೌಲಭ್ಯ ಬಹುತೇಕ ಯಂತ್ರಗಳಲ್ಲಿದೆ. ಅದನ್ನು ಬಳಸಿಕೊಳ್ಳಿ. ನಡುರಾತ್ರಿ ಅರಿವಿಲ್ಲದೆ ಮಾಸ್ಕ್ ಕಿತ್ತುಹಾಕಿದ್ದರೆ ಬೇಸರ ಬೇಡ. ಎಚ್ಚರವಾದಾಗ ಮತ್ತೆ ಧರಿಸಿ ಮಲಗಿದರಾಯಿತು.

ನಾಲ್ಕು ಗಂಟೆ ಸಾಕೆ?

ಅಮೆರಿಕದ ಸರ್ಕಾರಿ ವಿಮೆಯಾದ ಮೆಡಿಕೇರ್, ರಾತ್ರಿಗೆ 4 ಗಂಟೆಯಂತೆ ತಿಂಗಳ ಶೇ. 70ರಷ್ಟು ರಾತ್ರಿಗಳಲ್ಲಿ ಬಳಸಿದವರನ್ನು ಯಂತ್ರಕ್ಕೆ ಒಗ್ಗಿಕೊಂಡವರೆಂದು ಪರಿಗಣಿಸುತ್ತದೆ. ಇದು ವಿಮೆಯ ಲೆಕ್ಕವೇ ಹೊರತು ಆರೋಗ್ಯದ ಗುರಿಯಲ್ಲ. ಕನಸು ಕಾಣುವ ನಿದ್ರೆಯ ಘಟ್ಟ ರಾತ್ರಿಯ ಉತ್ತರಾರ್ಧದಲ್ಲೇ ಹೆಚ್ಚು. ಸ್ನಾಯುಗಳು ತೀರಾ ಸಡಿಲವಾಗಿ ಅನೇಕರಲ್ಲಿ ಉಸಿರು ಹೆಚ್ಚಾಗಿ ಕಟ್ಟುವುದೂ ಆಗಲೇ. ಎರಡು ಗಂಟೆ ರಾತ್ರಿಗೆ ಮಾಸ್ಕ್ ತೆಗೆದಿಟ್ಟವರು ಕೆಟ್ಟ ಹೊತ್ತಿಗೆ ಕೊಡೆ ಮಡಚಿದಂತೆ.

ಈಗಾಗಲೇ ಹೃದಯ ಅಥವಾ ಮೆದುಳಿನ ರಕ್ತನಾಳಗಳ ರೋಗವಿದ್ದ 2,700ಕ್ಕೂ ಹೆಚ್ಚು ಮಂದಿಯನ್ನು ಒಳಗೊಂಡ ‘ಸೇವ್’ ಅಧ್ಯಯನದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಸಿಪ್ಯಾಪ್‌ನಿಂದ ಹೃದಯಾಘಾತ, ಪಾರ್ಶ್ವವಾಯು ತಗ್ಗಿದ್ದು ಅದರಲ್ಲಿ ಕಂಡುಬರಲಿಲ್ಲ. ಆದರೆ ಗೊರಕೆ ಮತ್ತು ಹಗಲಿನ ತೂಕಡಿಕೆ ಕಡಿಮೆಯಾಗಿ, ಮನಸ್ಥಿತಿ ಸುಧಾರಿಸಿತ್ತು. ಅಲ್ಲಿ ರೋಗಿಗಳು ಯಂತ್ರ ಬಳಸಿದ್ದು ಸರಾಸರಿ ರಾತ್ರಿಗೆ 3.3 ಗಂಟೆ ಮಾತ್ರ. ಹೆಚ್ಚು ಹೊತ್ತು ಬಳಸಿದ್ದರೆ ಹೃದಯಕ್ಕೂ ಲಾಭವಾಗುತ್ತಿತ್ತೇ ಎಂಬ ಚರ್ಚೆ ಮುಂದುವರಿದಿದೆ. ಹಗಲಿನ ಚೈತನ್ಯಕ್ಕಂತೂ ಮಲಗಿದ್ದಷ್ಟು ಹೊತ್ತೂ ಬಳಸುವುದೇ ಸರಿ.

ಕಾಡುವ ತೊಂದರೆ, ಇರುವ ಪರಿಹಾರ

ಮಾಸ್ಕ್‌ನಿಂದ ಗಾಳಿ ಸೋರಿ ಕಣ್ಣಿಗೆ ಬಡಿಯುವುದು ಸಾಮಾನ್ಯ ದೂರು. ಪಟ್ಟಿಯನ್ನು ಮತ್ತಷ್ಟು ಬಿಗಿದರೆ ಮೂಗಿನ ಮೇಲೆ ಗಾಯವಾಗುತ್ತದೆಯೇ ವಿನಾ ಸೋರಿಕೆ ನಿಲ್ಲದು. ಅಳತೆ ಸರಿಯಿದೆಯೇ ನೋಡಬೇಕು. ಮುಖಕ್ಕೆ ಎಣ್ಣೆ, ಕ್ರೀಮು ಹಚ್ಚಿ ಮಲಗುವ ರೂಢಿಯಿದ್ದವರು ಅದನ್ನು ಬಿಡಬೇಕು; ಜಿಡ್ಡಿನ ಮೇಲೆ ಮಾಸ್ಕ್ ನಿಲ್ಲುವುದಿಲ್ಲ.

ಮೂಗು, ಗಂಟಲು ಒಣಗಿದರೆ ಗಾಳಿಗೆ ತೇವ ಬೆರೆಸುವ ಹ್ಯುಮಿಡಿಫೈಯರ್ ನೆರವಾಗುತ್ತದೆ. ಬಾಯಿ ಮಾತ್ರ ಒಣಗುತ್ತಿದ್ದರೆ ಬಾಯಿಯಿಂದ ಗಾಳಿ ಸೋರುತ್ತಿದೆ ಎಂದರ್ಥ, ಮಾಸ್ಕ್ ಬದಲಿಸಬೇಕಾದೀತು. ಹೊಟ್ಟೆಯುಬ್ಬರ ಕಂಡರೆ ಗಾಳಿ ನುಂಗುತ್ತಿರಬಹುದು. ಒತ್ತಡ ಹೊಂದಿಸಲು ವೈದ್ಯರಿಗೆ ತಿಳಿಸಿ. ಚಳಿಗಾಲದ ಬೆಂಗಳೂರು, ಮಲೆನಾಡಿನ ಮನೆಗಳಲ್ಲಿ ಕೊಳವೆಯೊಳಗೆ ಹನಿಗಟ್ಟಿ ಮೂಗಿಗೆ ನೀರು ಸಿಡಿಯುವುದುಂಟು. ಯಂತ್ರವನ್ನು ಹಾಸಿಗೆಗಿಂತ ತಗ್ಗಿನಲ್ಲಿಟ್ಟು, ಕೊಳವೆಗೆ ಬಟ್ಟೆ ಸುತ್ತಿದರೆ ತೊಂದರೆ ತಗ್ಗುತ್ತದೆ.

ಹೇಳಿಕೊಳ್ಳಲಾಗದ ತೊಂದರೆಯೊಂದಿದೆ - ಸಂಕೋಚ. ಮಾಸ್ಕ್ ಧರಿಸಿದ ಮುಖವನ್ನು ಸಂಗಾತಿ ನೋಡಿ ಏನೆಂದುಕೊಂಡಾರು ಎಂಬ ಅಳುಕಿನಿಂದ ಹಿಂಜರಿಯುವವರಿದ್ದಾರೆ. ಆದರೆ ವರ್ಷಗಟ್ಟಲೆ ಗೊರಕೆಯಿಂದ ನಿದ್ದೆಗೆಟ್ಟವರು, ಉಸಿರು ನಿಂತಾಗ ಗಾಬರಿಯಿಂದ ತಟ್ಟಿ ಎಬ್ಬಿಸಿದವರು ಅದೇ ಸಂಗಾತಿ. ವೈದ್ಯರ ಭೇಟಿಗೆ ಅವರನ್ನೂ ಕರೆದೊಯ್ದರೆ ಅರ್ಧ ಕೆಲಸ ಆದಂತೆ.

ಕರೆಂಟು, ನೀರು, ಶುಚಿತ್ವ

ಕರೆಂಟು ಹೋದರೆ ಉಸಿರು ಕಟ್ಟಿ ಸಾವು ಬಂದೀತೇ ಎಂಬ ಭಯ ಹಲವರಲ್ಲಿದೆ. ಮಾಸ್ಕ್‌ನಲ್ಲಿ ಗಾಳಿ ಹೊರಹೋಗುವ ರಂಧ್ರಗಳಿರುತ್ತವೆ. ಮೂಗು-ಬಾಯಿ ಮುಚ್ಚುವ ಮಾಸ್ಕ್‌ಗಳಲ್ಲಿ ಯಂತ್ರ ನಿಂತೊಡನೆ ತೆರೆದುಕೊಳ್ಳುವ ಕವಾಟವೂ ಇರುತ್ತದೆ. ಎಚ್ಚರವಾದೊಡನೆ ಮಾಸ್ಕ್ ತೆಗೆದರಾಯಿತು. ಮನೆಯ ಇನ್ವರ್ಟರ್‌ಗೆ ಜೋಡಿಸುವ ಮುನ್ನ ಅದು ಯಂತ್ರಕ್ಕೆ ಹೊಂದುವುದೇ ಎಂದು ಮಾರಾಟಗಾರರಲ್ಲಿ ಕೇಳಿಕೊಳ್ಳಬೇಕು. ಹ್ಯುಮಿಡಿಫೈಯರ್ ಆರಿಸಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ.

ಹ್ಯುಮಿಡಿಫೈಯರ್‌ಗೆ ಬಟ್ಟಿ ಇಳಿಸಿದ ನೀರೇ ಸೂಕ್ತ. ಕೊಳವೆಬಾವಿಯ ಗಡಸು ನೀರು ಹಾಕಿದರೆ ತೊಟ್ಟಿಯಲ್ಲಿ ಬಿಳಿ ಪದರ ಕಟ್ಟುತ್ತದೆ. ಕುದಿಸಿದರೂ ಲವಣ ಹೋಗದು. ಇನ್ವರ್ಟರ್ ಬ್ಯಾಟರಿಗೆಂದು ಮಾರುವ ನೀರು ಉಸಿರಾಟಕ್ಕೆಂದು ತಯಾರಾದುದಲ್ಲ, ಅದನ್ನು ಬಳಸಬೇಡಿ. ನೀರನ್ನು ದಿನವೂ ಬದಲಿಸಬೇಕು. ಮಾಸ್ಕ್‌ನ ಮುಖಕ್ಕೆ ತಾಗುವ ಭಾಗವನ್ನು ನಿತ್ಯ, ಕೊಳವೆಯನ್ನು ವಾರಕ್ಕೊಮ್ಮೆ ಸೌಮ್ಯ ಸಾಬೂನಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬಿಸಿಲು, ಸ್ಪಿರಿಟ್, ಬ್ಲೀಚ್ ಯಾವುದೂ ಬೇಡ. ಓಜೋನ್ ಹಾಯಿಸಿ ಶುಚಿಗೊಳಿಸುವ ಸಾಧನಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲೇ ಎಚ್ಚರಿಕೆ ನೀಡಿದೆ.

ಬೇರೆ ದಾರಿಗಳು

ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಮದ್ಯ ಬಿಡುವುದು, ವೈದ್ಯರನ್ನು ಕೇಳದೆ ನಿದ್ರೆಮಾತ್ರೆ ನುಂಗದಿರುವುದು ಎಲ್ಲರಿಗೂ ಒಳ್ಳೆಯದು. ಸೌಮ್ಯ ಮತ್ತು ಮಧ್ಯಮ ರೋಗಕ್ಕೆ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ದಂತಸಾಧನ, ಕೆಲವರಿಗೆ ಶಸ್ತ್ರಕ್ರಿಯೆ ಅನುಕೂಲ. ಸ್ಥೂಲಕಾಯದೊಂದಿಗೆ ಮಧ್ಯಮ ಅಥವಾ ತೀವ್ರ ಆಪ್ನಿಯಾ ಇರುವವರಿಗಾಗಿ ಟಿರ್ಜೆಪಟೈಡ್ ಎಂಬ ಚುಚ್ಚುಮದ್ದಿಗೆ ಅಮೆರಿಕ 2024ರ ಡಿಸೆಂಬರ್‌ನಲ್ಲಿ ಅನುಮತಿ ನೀಡಿತು. ಆದರೆ ತೂಕ ಇಳಿಯಲು ತಿಂಗಳುಗಳು ಬೇಕು. ಸಿಪ್ಯಾಪ್ ಮೊದಲ ರಾತ್ರಿಯಿಂದಲೇ ಗಂಟಲನ್ನು ತೆರೆದಿಡಬಲ್ಲದು.

ಹಲವರಿಗೆ ಮೊದಲ ವಾರದಲ್ಲೇ ಹಗಲು ಹಗುರವೆನಿಸುತ್ತದೆ. ಕೆಲವರಿಗೆ ಒಂದೆರಡು ತಿಂಗಳು ಹಿಡಿಯುತ್ತದೆ. ಬಳಸಿದ ಗಂಟೆ, ಉಳಿದ ಎಎಚ್‌ಐ, ಗಾಳಿ ಸೋರಿಕೆ - ಈ ಮೂರನ್ನೂ ಇಂದಿನ ಯಂತ್ರಗಳು ದಾಖಲಿಸುತ್ತವೆ. ಎಎಚ್‌ಐ 5ಕ್ಕಿಂತ ಕೆಳಗಿಳಿಯುವುದು ಗುರಿ. ತಿಂಗಳು ತುಂಬುವುದರೊಳಗೆ ಆ ದಾಖಲೆಯೊಂದಿಗೆ ವೈದ್ಯರನ್ನು ಮತ್ತೊಮ್ಮೆ ಕಾಣಲೇಬೇಕು. ಬೇರಾವುದೇ ಶಸ್ತ್ರಕ್ರಿಯೆಗೆ ದಾಖಲಾಗುವಾಗ ಅರಿವಳಿಕೆ ತಜ್ಞರಿಗೆ ಈ ರೋಗವಿರುವುದನ್ನು ತಿಳಿಸಿ, ಯಂತ್ರವನ್ನೂ ಜೊತೆಗೊಯ್ಯಬೇಕು. ತೂಕಡಿಕೆ ಪೂರ್ಣ ನಿಲ್ಲುವವರೆಗೆ ದೂರದ ಪ್ರಯಾಣದಲ್ಲಿ ಸ್ಟಿಯರಿಂಗ್ ಬೇರೆಯವರ ಕೈಯಲ್ಲಿರಲಿ.

ಈಗಾಗಲೇ ಯಂತ್ರವನ್ನು ಅಟ್ಟಕ್ಕೇರಿಸಿದವರು ಅದನ್ನು ಕೆಳಗಿಳಿಸಿ, ಧೂಳು ಕೊಡವಿ, ಹೊಸ ಮಾಸ್ಕ್ ಒಂದರ ಬಗ್ಗೆ ವೈದ್ಯರನ್ನು ವಿಚಾರಿಸಲು ಇನ್ನೂ ತಡವಾಗಿಲ್ಲ.